ಬೆಕ್ಕಿನ ಬಟ್ಟಲಿಗೆ ಏನು, ಎಷ್ಟು? ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಸಾಕುಪ್ರಾಣಿಗಳ ಊಟದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬೆಕ್ಕಿನವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಈ ಬಾರಿ ಪುಟವಿಡೀ ಬೆಕ್ಕಿಗೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮೂರು ವರ್ಷದ ಹೆಣ್ಣು ಬೆಕ್ಕಿಗೆ ಬೆಳಿಗ್ಗೆ ಹಾಲನ್ನ, ರಾತ್ರಿ ಮೊಸರನ್ನ. ಅಜ್ಜಿಯ ಕಾಲದಿಂದಲೂ ನಮ್ಮಲ್ಲಿ ಬೆಕ್ಕುಗಳು ಹೀಗೇ ಬೆಳೆದಿವೆ. ಮನೆ ಮುಂದಿನ ರಸ್ತೆಯಲ್ಲಿ ವಾಹನ ಹೆಚ್ಚಾದ ಮೇಲೆ ಕೆಲವು ತಿಂಗಳಿಂದ ಹೊರಗೆ ಬಿಡುತ್ತಿಲ್ಲ. ಈಗ ಕೂದಲು ಒರಟಾಗಿದೆ, ಬೆನ್ನು ಸವರಿದರೆ ಮೂಳೆ ಕೈಗೆ ತಾಗುತ್ತದೆ. ಮಾಂಸ ಕೊಡದೆ ಸಾಕುವ ದಾರಿ ಇದೆಯೇ?
— ಓದುಗರು, ಸಾಗರ

ಉತ್ತರ: ಅಜ್ಜಿಯ ಕಾಲದ ಬೆಕ್ಕುಗಳನ್ನು ಬೆಳೆಸಿದ್ದು ಅಟ್ಟದ ಇಲಿ, ಹಿತ್ತಲಿನ ಹಲ್ಲಿ, ಓತಿಕ್ಯಾತ, ಮಿಡತೆಗಳು. ಹಾಲನ್ನ ಅದರ ಮೇಲಿಷ್ಟು. ನೀವು ಬಾಗಿಲು ಮುಚ್ಚಿದ ದಿನ ಬೆಕ್ಕಿನ ನಿಜವಾದ ಊಟ ನಿಂತಿತು, ಹಾಲನ್ನವೊಂದೇ ಉಳಿಯಿತು. ಒರಟು ಕೂದಲು, ಬೆನ್ನಿನ ಇಕ್ಕೆಲದಲ್ಲಿ ಕರಗಿದ ಮಾಂಸಖಂಡ, ಎರಡೂ ಹೇಳುತ್ತಿರುವುದು ಇದನ್ನೇ.

ಲೆಕ್ಕ ಹಾಕಿ ನೋಡೋಣ. 4 ಕೆಜಿ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 240 ಕ್ಯಾಲೊರಿ ಸಾಕು. 100 ಗ್ರಾಂ ಅನ್ನ, 100 ಮಿಲಿ ಹಸುವಿನ ಹಾಲು ಸೇರಿದರೆ ಹೆಚ್ಚುಕಡಿಮೆ 195 ಕ್ಯಾಲೊರಿ ಆಗುತ್ತದೆ. ಅಂದರೆ ಹೊಟ್ಟೆ ತುಂಬುತ್ತದೆ. ಆದರೆ ಅದರಲ್ಲಿರುವ ಪ್ರೋಟೀನ್ ಸುಮಾರು 6 ಗ್ರಾಂ. ಬೆಕ್ಕಿಗೆ ಕನಿಷ್ಠ ಬೇಕಾದದ್ದು ದಿನಕ್ಕೆ 14 ಗ್ರಾಂ, 20 ಗ್ರಾಂ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ದೇಹವಾದರೆ ಪ್ರೋಟೀನ್ ಕಡಿಮೆ ಬಂದಾಗ ಖರ್ಚನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಹಿಡಿತ ಬಹಳ ಕಡಿಮೆ. ಬಂದರೂ ಬರದಿದ್ದರೂ ಪ್ರೋಟೀನನ್ನು ಒಡೆದು ಶಕ್ತಿಗೆ ಬಳಸುತ್ತಲೇ ಇರುತ್ತದೆ. ಊಟದಲ್ಲಿ ಸಿಗದಿದ್ದರೆ ಮೈಯ ಮಾಂಸಖಂಡದಿಂದಲೇ ತೆಗೆಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಟಾರಿನ್ ಎಂಬ ಅಂಶ. ಬೆಕ್ಕಿನ ಕಣ್ಣಿನ ಪರದೆಗೂ ಹೃದಯಕ್ಕೂ ಇದು ಬೇಕೇ ಬೇಕು, ಆದರೆ ಬೆಕ್ಕಿನ ದೇಹ ಇದನ್ನು ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು. ಅನ್ನದಲ್ಲಿ ಟಾರಿನ್ ಇಲ್ಲ, ಹಸುವಿನ ಹಾಲಿನಲ್ಲಿ ಇರುವುದು ತೀರ ಅಲ್ಪ. ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಕಣ್ಣಿನ ಪರದೆ ಸವೆಯುತ್ತದೆ. ಹೃದಯದ ಈ ಕಾಯಿಲೆಗೆ ಟಾರಿನ್ ಕೊರತೆಯೇ ಕಾರಣ ಎಂದು 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿಕೊಟ್ಟರು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದವು. ಬೇಗ ಗೊತ್ತಾದರೆ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಹೋದ ದೃಷ್ಟಿ ಮಾತ್ರ ಮರಳುವುದಿಲ್ಲ. ಕ್ಯಾರೆಟ್, ಕುಂಬಳಕಾಯಿ ಕೊಟ್ಟರೂ ಪ್ರಯೋಜನವಿಲ್ಲ, ಅವುಗಳ ಬೀಟಾ ಕ್ಯಾರೊಟಿನ್ ಅನ್ನು ವಿಟಮಿನ್ ಎ ಆಗಿ ಮಾರ್ಪಡಿಸಲು ಬೆಕ್ಕಿಗೆ ಆಗದು.

ಹಾಗಾಗಿ ಮಾಂಸದ ಅಂಶವಿಲ್ಲದೆ ಬೆಕ್ಕು ಸಾಕುವುದನ್ನು ನಾವು ಒಪ್ಪುವುದಿಲ್ಲ. ಆದರೆ ನೀವು ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಬೆಕ್ಕಿಗೆಂದೇ ಬರುವ ಡ್ರೈ ಫುಡ್ ಸಾಕು. ಅದಕ್ಕೊಂದು ಬೇರೆ ಡಬ್ಬ, ಬೇರೆ ಚಮಚ ಇಟ್ಟು, ಬಟ್ಟಲನ್ನು ಹಿತ್ತಲ ಜಗಲಿಯಲ್ಲೋ ಬಚ್ಚಲ ಹತ್ತಿರವೋ ಇಡಿ. ಅನೇಕ ಸಸ್ಯಾಹಾರಿ ಮನೆಗಳು ಹೀಗೇ ನಡೆಸಿಕೊಂಡು ಹೋಗುತ್ತಿವೆ. ಪ್ಯಾಕೆಟ್ ಮೇಲೆ ಮೂರು ಸಂಗತಿ ನೋಡಿ: ದೊಡ್ಡ ಬೆಕ್ಕಿಗೆ ಸಂಪೂರ್ಣ ಮತ್ತು ಸಮತೋಲಿತ ಆಹಾರ ಎಂಬ ಹೇಳಿಕೆ, ಪ್ರೋಟೀನ್ 30 ಶೇಕಡಾ ಅಥವಾ ಹೆಚ್ಚು, ಪದಾರ್ಥಗಳ ಪಟ್ಟಿಯಲ್ಲಿ ಟಾರಿನ್.

ಬದಲಾವಣೆ ಒಂದೇ ದಿನದಲ್ಲಿ ಬೇಡ. ಹಾಲನ್ನ ತಿಂದೇ ಅಭ್ಯಾಸವಿರುವ ಬೆಕ್ಕು ಗರಿಗರಿ ಕಾಳನ್ನು ಊಟವೆಂದೇ ತಿಳಿಯದಿರಬಹುದು. ಒಂದು ಚಮಚ ಡ್ರೈ ಫುಡ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ನೆನೆಸಿ, ಹಿಸುಕಿ, ಅನ್ನದಲ್ಲಿ ಕಲಸಿ. ಮೊದಲ ಮೂರು ದಿನ ಕಾಲು ಭಾಗ ಹೊಸದು, ಮುಂದಿನ ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು, ಹತ್ತನೇ ದಿನದ ಹೊತ್ತಿಗೆ ಪೂರ್ತಿ. ಅವಸರ ಮಾಡಿದರೆ ಭೇದಿಯಾಗುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಎಂದು ದಿನಗಟ್ಟಲೆ ಉಪವಾಸ ಕೆಡವುವುದು ಬೆಕ್ಕಿನ ವಿಷಯದಲ್ಲಿ ಅಪಾಯ. ಅದು ಯಾಕೆಂದು ಬೆಂಗಳೂರಿನ ಓದುಗರಿಗೆ ಕೊಟ್ಟ ಉತ್ತರದಲ್ಲಿದೆ. ಇದರ ಜೊತೆಗೆ ಒಮ್ಮೆ ವೈದ್ಯರಿಂದ ಹೃದಯ, ಕಣ್ಣು ಪರೀಕ್ಷೆ ಮಾಡಿಸಿ. ಜಂತುಹುಳ ಇದ್ದರೂ ಬೆನ್ನು ಹೀಗೆ ಸೊರಗುತ್ತದೆ, ಮಲಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ನಮ್ಮ ಬೆಕ್ಕಿಗೆ ಮರಿಯಿದ್ದಾಗಿನಿಂದ ಬೂತಾಯಿ, ಬಂಗುಡೆಯ ತಲೆ, ಕರುಳು. ಹಸಿಯದ್ದೇ ಆಗಬೇಕು. ಜೂನ್, ಜುಲೈಯಲ್ಲಿ ಬೋಟು ಹೋಗದೆ ಮೀನು ಸಿಗದಾಗ ಬೇರೇನು ಹಾಕಿದರೂ ಮೂಸಿ ಹಿಂದೆ ಸರಿಯುತ್ತದೆ. ಒಣಮೀನು ಕೊಡಬಹುದೇ?
— ಓದುಗರು, ಮಲ್ಪೆ

ಉತ್ತರ: ಒಣಮೀನು ಬೇಡ, ಅದರಲ್ಲಿ ಉಪ್ಪು ಅತಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ಕಡಲಿಗಿಳಿಯಲು ನಿಷೇಧ. ಒಂದೇ ರುಚಿಗೆ ಒಗ್ಗಿಹೋದ ಬೆಕ್ಕಿಗೆ ಅಷ್ಟೂ ದಿನ ಕಷ್ಟ. ಆದ್ದರಿಂದ ಅಭ್ಯಾಸ ಬದಲಿಸುವ ಕೆಲಸ ಮಾರ್ಚ್, ಏಪ್ರಿಲಿನಲ್ಲೇ ಶುರುವಾಗಲಿ.

ಹಸಿ ಮೀನನ್ನು ಇಂದಿನಿಂದಲೇ ನಿಲ್ಲಿಸಿ. ಬೂತಾಯಿಯ ಬಳಗದ ಹಲವು ಮೀನುಗಳಲ್ಲಿ ಥಯಾಮಿನ್ ಅನ್ನು, ಅಂದರೆ ವಿಟಮಿನ್ ಬಿ1 ಅನ್ನು ಒಡೆದುಹಾಕುವ ಕಿಣ್ವವಿದೆ. ವಾರಗಟ್ಟಲೆ ಹಸಿ ಮೀನೇ ಊಟವಾದರೆ ಬೆಕ್ಕು ಮೊದಲು ಊಟ ಬಿಡುತ್ತದೆ, ನಂತರ ನಡಿಗೆ ತೂರಾಡುತ್ತದೆ, ಕತ್ತು ಎದೆಯ ಕಡೆಗೆ ಬಾಗಿ ತಲೆ ಎತ್ತಲಾಗದಂತಾಗುತ್ತದೆ. ಆ ಹಂತದಲ್ಲಿ ಅದೇ ದಿನ ಇಂಜೆಕ್ಷನ್ ಬೇಕು. ಬೇಯಿಸಿದರೆ ಈ ಕಿಣ್ವ ನಾಶವಾಗುತ್ತದೆ. ಬೇಯಿಸಿದರೂ ಉಳಿಯುವ ತೊಂದರೆ ಎರಡು. ಒಂದು, ಬೂತಾಯಿಯಂಥ ಎಣ್ಣೆಮೀನನ್ನೇ ದಿನವೂ ತಿಂದರೆ ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗಿ, ಹೊಟ್ಟೆ ಬೆನ್ನು ಮುಟ್ಟಿದರೆ ಬೆಕ್ಕು ಕಿರುಚುತ್ತದೆ. ಇನ್ನೊಂದು, ಬಿಸಿಲಲ್ಲಿ ಗಂಟೆಗಟ್ಟಲೆ ಬಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ಅಂಶ ಹುಟ್ಟಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ನಿಮಗಾಗಿ ಕೊಳ್ಳುವಾಗ ಬೇಡವೆನ್ನುವ ಮೀನು ಬೆಕ್ಕಿಗೂ ಬೇಡ.

ವಾರಕ್ಕೆ ಎರಡು ಸಲ, ಸಲಕ್ಕೆ 20ರಿಂದ 25 ಗ್ರಾಂ ಬೆಂದ ಮೀನು, ಮುಳ್ಳು ತೆಗೆದು. ಉಪ್ಪು, ಮೆಣಸು, ಹುಳಿ ಯಾವುದೂ ಬೇಡ. ಉಳಿದ ದಿನಗಳ ಬೆಕ್ಕಿನ ಆಹಾರಕ್ಕೆ ಆ ಮೀನು ಬೆಂದ ನೀರನ್ನು ಎರಡು ಚಮಚ ಬೆಚ್ಚಗೆ ಸುರಿಯಿರಿ. ಬೆಕ್ಕು ಊಟ ಆರಿಸುವುದು ವಾಸನೆಯಿಂದ, ಬೆಚ್ಚಗಿದ್ದರೆ ವಾಸನೆ ಏಳುತ್ತದೆ. ಎರಡು ಮೂರು ವಾರಗಳಲ್ಲಿ ಆ ನೀರನ್ನು ಕಡಿಮೆ ಮಾಡುತ್ತಾ ಬನ್ನಿ.

ಪ್ರಶ್ನೆ: ಡಾಕ್ಟರ್ರೀ, ನಮ್ಮ ಗಂಡು ಬೆಕ್ಕು ನಿನ್ನೆಯಿಂದ ಘಳಿಗಿಗೊಮ್ಮೆ ಟ್ರೇದಾಗ ಹೋಗಿ ಕುಂದರತದ, ತಿಣಕತದ, ಏನೂ ಬರಂಗಿಲ್ಲ. ಮಲಬದ್ಧತಿ ಇರಬೇಕಂತ ಒಂದ್ ಚಮಚ ಹರಳೆಣ್ಣಿ ಕುಡಿಸೇವಿ. ಊಟದಾಗ ಏನು ಬದಲಿ ಮಾಡಬೇಕು?
— ಓದುಗರು, ಧಾರವಾಡ

ಉತ್ತರ: ಇಂಥದ್ದು ಕಂಡಾಗ ಯಾರೂ ಪತ್ರ ಬರೆದು ಉತ್ತರಕ್ಕೆ ಕಾಯಬಾರದು. ಗಂಡು ಬೆಕ್ಕು ಪದೇಪದೇ ಟ್ರೇಗೆ ಹೋಗಿ ತಿಣುಕುತ್ತಿದೆ, ಬಂದರೆ ಹನಿ ಹನಿ, ಕೆಳಗೆ ನೆಕ್ಕಿಕೊಳ್ಳುತ್ತಲೇ ಇದೆ ಎಂದರೆ ಅದು ಮೂತ್ರ ಕಟ್ಟಿಕೊಂಡದ್ದು ಎಂದೇ ತಿಳಿದು ಆಗಲೇ ಪಶು ಆಸ್ಪತ್ರೆಗೆ ಒಯ್ಯಿರಿ, ರಾತ್ರಿಯಾಗಿದ್ದರೂ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರ ಕಿರಿದು. ಹರಳು ಅಥವಾ ಲೋಳೆಯ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ, ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ವಾಂತಿ ಶುರುವಾಗಿದೆ, ಹೊಟ್ಟೆಯ ಕೆಳಭಾಗ ಗಟ್ಟಿಯಾಗಿದೆ ಎಂದರೆ ಸಮಯ ಬಹಳ ಕಡಿಮೆ ಉಳಿದಿದೆ. ಹರಳೆಣ್ಣೆ ಇಲ್ಲಿ ಏನೂ ಮಾಡದು, ಕಳೆದುಹೋಗುವ ಹೊತ್ತೇ ನಷ್ಟ. ಹೊಟ್ಟೆ ಹಿಸುಕಲೂ ಬೇಡಿ, ಮೂತ್ರಕೋಶ ಒಡೆಯಬಹುದು.

ಊಟದ ಮಾತು ಗುಣವಾದ ಮೇಲೆ. ಬೆಕ್ಕಿಗೆ ಕೆಜಿಗೆ ಸುಮಾರು 50 ಮಿಲಿಯಂತೆ ನೀರು ಬೇಕು, 4 ಕೆಜಿಗೆ 200 ಮಿಲಿ. 60 ಗ್ರಾಂ ಡ್ರೈ ಫುಡ್‌ನಲ್ಲಿ ಸಿಗುವ ನೀರು 6 ಮಿಲಿ ಮಾತ್ರ. 85 ಗ್ರಾಂನ ಎರಡು ಪೌಚ್ ವೆಟ್ ಫುಡ್‌ನಲ್ಲಿ ಸುಮಾರು 135 ಮಿಲಿ. ಬೆಕ್ಕು ನೀರಿನ ಬಟ್ಟಲಿಗೆ ಹೋಗಿ ಆ ಕೊರತೆಯನ್ನೆಲ್ಲ ತುಂಬಿಕೊಳ್ಳುವುದು ಅಪರೂಪ. ಆದ್ದರಿಂದ ನೀರನ್ನು ಊಟದೊಳಗೇ ಸೇರಿಸಬೇಕು: ದಿನಕ್ಕೆ ಒಂದು ಪೌಚ್ ಆದರೂ, ಪ್ರತಿ ಊಟಕ್ಕೆ ಎರಡು ಮೂರು ದೊಡ್ಡ ಚಮಚ ನೀರು ಕಲಸಿ. ಅಗಲ ಬಾಯಿಯ ನೀರಿನ ಬಟ್ಟಲುಗಳನ್ನು ಊಟದಿಂದಲೂ ಟ್ರೇಯಿಂದಲೂ ದೂರ, ಮನೆಯ ಎರಡು ಮೂರು ಕಡೆ ಇಡಿ. ಹರಳಿನ ಬಗೆ ನೋಡಿ ವೈದ್ಯರು ವಿಶೇಷ ಆಹಾರ ಬರೆದುಕೊಟ್ಟರೆ ಅದರ ಜೊತೆ ಬೇರೇನನ್ನೂ ಬೆರೆಸಬೇಡಿ.

ಪ್ರಶ್ನೆ: ಫ್ಲ್ಯಾಟ್‌ನಲ್ಲಿದ್ದೇವೆ. ಆಪರೇಷನ್ ಆಗಿರುವ ಐದು ವರ್ಷದ ಗಂಡು ಬೆಕ್ಕು, 6.2 ಕೆಜಿ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಬಟ್ಟಲು ಯಾವಾಗಲೂ ತುಂಬಿರುತ್ತದೆ. ದಿನಕ್ಕೆ 100 ಗ್ರಾಂನಷ್ಟು ಡ್ರೈ ಫುಡ್ ಖಾಲಿಯಾಗುತ್ತದೆ. ತೂಕ ಇಳಿಸುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಮೊದಲು ಮುಟ್ಟಿ ನೋಡಿ. ನಿಮ್ಮ ಕೈಯನ್ನು ಚಾಚಿ, ಅಂಗೈ ಹಿಂಭಾಗದ ಮೂಳೆಗಳ ಮೇಲೆ ಬೆರಳಾಡಿಸಿ. ಬೆಕ್ಕಿನ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಿದೆ. ದೊಡ್ಡ ಮೈಕಟ್ಟಿನ ಬೆಕ್ಕೂ ಇರುತ್ತವೆ, ಆದ್ದರಿಂದ ಸರಿಯಾದ ತೂಕ ಎಷ್ಟೆಂದು ವೈದ್ಯರೇ ನೋಡಿ ಹೇಳಲಿ. ಇಲ್ಲಿ 5 ಕೆಜಿ ಎಂದು ಇಟ್ಟುಕೊಳ್ಳೋಣ.

ಡ್ರೈ ಫುಡ್‌ನಲ್ಲಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಇರುತ್ತದೆ. ಅಂದರೆ ಈಗ ನಿಮ್ಮ ಬೆಕ್ಕಿಗೆ ದಿನಕ್ಕೆ 380ರ ಆಸುಪಾಸು ಹೋಗುತ್ತಿದೆ. ತೂಕ ಇಳಿಯಲು 200 ಸಾಕು. 35 ಗ್ರಾಂ ಡ್ರೈ ಫುಡ್, ಜೊತೆಗೆ 85 ಗ್ರಾಂನ ಒಂದು ಪೌಚ್ ಕೊಟ್ಟರೆ ಅಲ್ಲಿಗೆ ಬರುತ್ತದೆ. ಪೌಚ್‌ನಲ್ಲಿ ಸಾಮಾನ್ಯವಾಗಿ 70 ಕ್ಯಾಲೊರಿಯಷ್ಟು, ಆದರೂ ನಿಮ್ಮ ಪ್ಯಾಕೆಟ್ ಓದಿಕೊಳ್ಳಿ. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಸಣ್ಣ ಪ್ರಾಣಿಗೆ ದಿನಕ್ಕೆ 10 ಗ್ರಾಂ ಹೆಚ್ಚಾದರೂ ಲೆಕ್ಕ ಕೆಡುತ್ತದೆ. ನೀವಿಲ್ಲದ ಹೊತ್ತಿಗೆ, ಆ 35 ಗ್ರಾಂನಲ್ಲೇ ಒಂದು ಪಾಲನ್ನು ತೂತು ಕೊರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿಡಿ. ಉರುಳಿಸಿದಾಗ ಒಂದೊಂದೇ ಕಾಳು ಬೀಳಲಿ.

ಪೌಚ್ ಮೇಲೆ ಪ್ರೋಟೀನ್ 10 ಶೇಕಡಾ, ಡ್ರೈ ಫುಡ್ ಮೇಲೆ 32 ಶೇಕಡಾ ಎಂದು ಕಂಡು, ಪೌಚ್‌ನಲ್ಲಿ ಸತ್ವವೇ ಇಲ್ಲ ಎಂದು ಹಲವರು ಬರೆದಿದ್ದಾರೆ. ನೀರು ಕಳೆದು ನೋಡಿ. ಪೌಚ್‌ನಲ್ಲಿ 80 ಭಾಗ ನೀರು, ಉಳಿದ 20 ಭಾಗದಲ್ಲಿ 10 ಭಾಗ ಪ್ರೋಟೀನ್, ಅಂದರೆ 50 ಶೇಕಡಾ. ಡ್ರೈ ಫುಡ್‌ನಲ್ಲಿ ನೀರು 10 ಭಾಗ, ಹಾಗೆ ಲೆಕ್ಕ ಹಾಕಿದರೆ ಸುಮಾರು 35.

ಅವಸರ ಮಾತ್ರ ಬೇಡ. ವಾರಕ್ಕೆ ದೇಹತೂಕದ 1 ಶೇಕಡಾ, ಅಂದರೆ ನಿಮ್ಮ ಬೆಕ್ಕಿಗೆ 60 ಗ್ರಾಂ ಇಳಿದರೆ ಚೆನ್ನ. 120 ಗ್ರಾಂ ದಾಟಬಾರದು. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೂ ಸಾಕು, ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ತುಂಬಿಕೊಂಡು ಅದು ಕೆಲಸ ನಿಲ್ಲಿಸುತ್ತದೆ. ಕಿವಿಯ ಒಳಭಾಗ, ಒಸಡು ಹಳದಿಯಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಆದ್ದರಿಂದ ಹೊಸ ಪ್ರಮಾಣಕ್ಕೂ ಎರಡು ವಾರದಲ್ಲಿ ಹಂತಹಂತವಾಗಿ ಇಳಿಯಿರಿ, ಇಡೀ ದಿನ ಊಟ ಮುಟ್ಟದಿದ್ದರೆ ಡಯಟ್ ಬಿಟ್ಟು ವೈದ್ಯರಿಗೆ ತೋರಿಸಿ. ತೂಕ ನೋಡಲು ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, ಖಾಲಿ ಬುಟ್ಟಿಯ ತೂಕ ಕಳೆಯಿರಿ. ಮನುಷ್ಯರ ತಕ್ಕಡಿಯಲ್ಲಿ 60 ಗ್ರಾಂ ವ್ಯತ್ಯಾಸ ಕಾಣುವುದಿಲ್ಲ. ಒಟ್ಟು ನಾಲ್ಕೈದು ತಿಂಗಳ ಕೆಲಸ ಇದು.

ಪ್ರಶ್ನೆ: ಮೇಡಂ, ಪ್ಯಾಕೆಟ್ ಊಟದ ಮೇಲೆ ನಂಬಿಕೆಯಿಲ್ಲದೆ ನಾಲ್ಕು ತಿಂಗಳ ಮರಿಗೆ ಮೂಳೆಯಿಲ್ಲದ ಕೋಳಿ ಎದೆಮಾಂಸವನ್ನೇ ಬೇಯಿಸಿ ಕೊಡುತ್ತಿದ್ದೇನೆ. ಚೆನ್ನಾಗಿ ತಿನ್ನುತ್ತದೆ. ಹದಿನೈದು ದಿನದಿಂದ ಸೋಫಾ ಹತ್ತುತ್ತಿಲ್ಲ, ಎತ್ತಿಕೊಂಡರೆ ಅಳುತ್ತದೆ, ಹಿಂಗಾಲು ಕುಂಟುತ್ತದೆ. ಎಲ್ಲೂ ಬಿದ್ದಿಲ್ಲ.
— ಓದುಗರು, ಮೈಸೂರು

ಉತ್ತರ: ಬೀಳದೆಯೂ ಮೂಳೆ ಮುರಿದಿರಬಹುದು. ನಾಳೆಯೇ ಎಕ್ಸ್‌ರೇ ಮಾಡಿಸಿ. ಅಲ್ಲಿಯವರೆಗೆ ಮರಿ ಜಿಗಿಯದಂತೆ ತಗ್ಗು ಪೆಟ್ಟಿಗೆಯಲ್ಲೋ ಪಂಜರದಲ್ಲೋ ಇಡಿ, ಎತ್ತುವಾಗ ಎದೆಗೂ ಹಿಂಭಾಗಕ್ಕೂ ಕೈ ಕೊಟ್ಟು ಎತ್ತಿ.

ನಡೆದಿರುವುದು ಇಷ್ಟು. 100 ಗ್ರಾಂ ಕೋಳಿಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 10ರಷ್ಟು. ಬೆಳೆಯುವ ಮರಿಗೆ ಕ್ಯಾಲ್ಸಿಯಂ ರಂಜಕದಷ್ಟೇ ಅಥವಾ ತುಸು ಹೆಚ್ಚೇ ಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಸುರಿಸಿ ಮೂಳೆಯಿಂದಲೇ ಅದನ್ನು ಹೊರತೆಗೆಯುತ್ತವೆ. ಮೂಳೆ ತೆಳ್ಳಗಾಗಿ ತನ್ನ ಭಾರಕ್ಕೇ ಬಾಗುತ್ತದೆ, ಬಿರಿಯುತ್ತದೆ. ಇಲಿ ತಿನ್ನುವ ಬೆಕ್ಕು ಅದರ ಮೂಳೆಯನ್ನೂ ತಿನ್ನುತ್ತದಲ್ಲ, ಆ ಭಾಗವನ್ನು ನೀವು ಒಳ್ಳೆಯ ಮನಸ್ಸಿನಿಂದಲೇ ತೆಗೆದುಹಾಕಿದ್ದೀರಿ.

ಚಿಕಿತ್ಸೆಯೆಂದರೆ ಮುಖ್ಯವಾಗಿ ಊಟ ಬದಲಿಸುವುದು: ಮರಿಗಳಿಗೆಂದೇ ಇರುವ ಸಮತೋಲಿತ ಆಹಾರ, ಕೆಲವು ವಾರ ಓಡಾಟಕ್ಕೆ ತಡೆ, ನೋವಿಗೆ ವೈದ್ಯರು ಕೊಡುವ ಔಷಧ. ಮನೆಯಲ್ಲಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ. ಸೊಂಟದ ಮೂಳೆ ಕಿರಿದಾಗಿ ಕೂಡಿಕೊಂಡಿದ್ದರೆ ಮುಂದೆ ಮಲಬದ್ಧತೆ ಕಾಡಬಹುದು, ಅದನ್ನೂ ಎಕ್ಸ್‌ರೇಯಲ್ಲಿ ನೋಡಲು ಹೇಳಿ.

ಮನೆಯಲ್ಲೇ ಬೇಯಿಸಿ ಸಾಕಬೇಕೆಂದಿದ್ದರೆ ದೊಡ್ಡ ಬೆಕ್ಕಿಗೂ ಬರೀ ಮಾಂಸ ಸಾಲದು. 1 ಕೆಜಿ ಮೂಳೆರಹಿತ ಮಾಂಸಕ್ಕೆ ನುಣ್ಣಗೆ ಪುಡಿ ಮಾಡಿದ ಮೊಟ್ಟೆಚಿಪ್ಪು 5ರಿಂದ 6 ಗ್ರಾಂ ಬೆರೆಸಿದರೆ ಕ್ಯಾಲ್ಸಿಯಂ ಸರಿಹೋಗುತ್ತದೆ, ಆದರೆ ಅಯೋಡಿನ್, ಸತು, ವಿಟಮಿನ್ ಡಿ, ಇ ಕಡಿಮೆಯೇ ಉಳಿಯುತ್ತವೆ. ಟಾರಿನ್ ನೀರಿಗೆ ಇಳಿಯುವುದರಿಂದ ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಗುತ್ತದೆ. ಎದೆಮಾಂಸಕ್ಕಿಂತ ತೊಡೆ, ಹೃದಯದಲ್ಲಿ ಟಾರಿನ್ ಹೆಚ್ಚು. ವಿಟಮಿನ್ ಸಿಗಲಿ ಎಂದು ದಿನವೂ ಲಿವರ್ ಕೊಟ್ಟರೆ ವಿಟಮಿನ್ ಎ ಅತಿಯಾಗಿ, ಕೆಲವು ವರ್ಷಗಳಲ್ಲಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆದ್ದರಿಂದ ಪೂರ್ತಿ ಮನೆಯೂಟವನ್ನು ಪಶುವೈದ್ಯರಿಂದ ಅಳತೆ, ಪೂರಕಗಳ ಸಮೇತ ಬರೆಸಿಕೊಂಡೇ ಶುರುಮಾಡಿ. ಹಾಗಲ್ಲದೆ ಪ್ರೀತಿಗೆ ಕೊಡುವುದಾದರೆ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ, ಅಂದರೆ ದೊಡ್ಡ ಬೆಕ್ಕಿಗೆ 15 ಗ್ರಾಂ ಬೆಂದ ಕೋಳಿ. ಸಾರಿನಿಂದ ಎತ್ತಿದ ತುಂಡು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಪುಡಿಯಾದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಪ್ರಶ್ನೆ: ಬೆಕ್ಕಿಗೆ ಜ್ವರ ಬಂದರೆ ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಹನಿ?
— ಓದುಗರು, ತುಮಕೂರು

ಉತ್ತರ: ಒಂದು ಹನಿಯೂ ಕೂಡದು. ಅದನ್ನು ನಿರ್ವಿಷ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಮಾತ್ರೆಗೆ ಪ್ರಾಣ ಹೋಗುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಏದುಸಿರು ಬಂದರೆ ತಕ್ಷಣ ಆಸ್ಪತ್ರೆ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಡ್ರೈ ಫುಡ್ ಮೆತ್ತಗಾಗುತ್ತದೆ, ಬಟ್ಟಲಿಗೆ ಇರುವೆ ಮುತ್ತುತ್ತದೆ.
— ಓದುಗರು, ತೀರ್ಥಹಳ್ಳಿ

ಉತ್ತರ: ದೊಡ್ಡ ಚೀಲ ಅಗ್ಗವಾದರೂ ಮಲೆನಾಡಿನ ಮಳೆಗಾಲಕ್ಕೆ ತಿಂಗಳೊಳಗೆ ಮುಗಿಯುವಷ್ಟನ್ನೇ ತನ್ನಿ. ಪ್ಯಾಕೆಟ್‌ನಿಂದ ಸುರಿಯದೆ, ಗಾಳಿ ಹೊರಡಿಸಿ ಬಾಯಿ ಮಡಚಿ, ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಮೆತ್ತಗಾದದ್ದನ್ನು ಬಿಸಿಲಿಗಿಟ್ಟು ಮತ್ತೆ ಕೊಡಬೇಡಿ, ಬೂಸ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ. ಇರುವೆಗೆ ಮನೆಯ ಹಳೆಯ ಉಪಾಯವೇ ಸಾಕು: ಅಗಲ ತಟ್ಟೆಯಲ್ಲಿ ನೀರು, ನಡುವೆ ಸ್ಟೀಲ್ ಬಟ್ಟಲು. ಸುತ್ತ ಇರುವೆಪುಡಿ ಎರಚಬೇಡಿ, ಪಾದಕ್ಕೆ ಅಂಟಿದ ಪುಡಿಯನ್ನು ಬೆಕ್ಕು ನೆಕ್ಕಿ ತೆಗೆಯುತ್ತದೆ.

ಪ್ರಶ್ನೆ: ಸೌದೆ ಕೊಟ್ಟಿಗೆಯಲ್ಲಿ ಎರಡು ಮರಿ ಸಿಕ್ಕಿವೆ, ಈಗಷ್ಟೇ ಕಣ್ಣು ಬಿಟ್ಟಿವೆ. ಹಸುವಿನ ಹಾಲು ಕುಡಿಸಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ತಾಯಿ ಆಹಾರಕ್ಕೆ ಹೋಗಿರಬಹುದು, ದೂರದಿಂದ ಕೆಲವು ಗಂಟೆ ಕಾದು ನೋಡಿ. ಬರದಿದ್ದರೆ ಮೊದಲ ಕೆಲಸ ಬೆಚ್ಚಗೆ ಮಾಡುವುದು. ಮೈ ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನದಕ್ಕಿಂತ ಎರಡು ಪಟ್ಟು. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ತೂಕವೂ ಏರುವುದಿಲ್ಲ. ಪೆಟ್ ಅಂಗಡಿಯಲ್ಲಿ ಬೆಕ್ಕಿನ ಮರಿಯ ಹಾಲಿನ ಪುಡಿ ಕೇಳಿ. ಕಲಸಿದ ಹಾಲು 100 ಗ್ರಾಂ ತೂಕಕ್ಕೆ ದಿನಕ್ಕೆ 20 ಮಿಲಿ, ಒಂದು ಸಲಕ್ಕೆ ಅದೇ 100 ಗ್ರಾಂ ತೂಕಕ್ಕೆ 4 ಮಿಲಿ ಮೀರದಂತೆ. 200 ಗ್ರಾಂ ಮರಿಗೆ ದಿನಕ್ಕೆ 40 ಮಿಲಿಯನ್ನು ಐದಾರು ಸಲ ಹಂಚಿ, ರಾತ್ರಿಯೂ ಸೇರಿ. ಮಗುವಿನಂತೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಲಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿ, ಮೂರು ವಾರದವರೆಗೆ ಅವು ತಾವಾಗಿ ಮಲಮೂತ್ರ ಮಾಡಲಾರವು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಒಂದು ದಿನ ಏರದಿದ್ದರೂ ವೈದ್ಯರಿಗೆ ತೋರಿಸಿ. ನಾಲ್ಕು ವಾರಕ್ಕೆ ಮರಿಗಳ ಡ್ರೈ ಫುಡ್ ಅನ್ನು ಅದೇ ಹಾಲಿನಲ್ಲಿ ಗಂಜಿಯಂತೆ ನೆನೆಸಿ ಚಪ್ಪಟೆ ತಟ್ಟೆಯಲ್ಲಿಡಿ. ಮೊದಲ ದಿನ ಅದರಲ್ಲಿ ಕಾಲಿಟ್ಟು ನಡೆದಾಡುತ್ತವೆ, ಪಾದ ನೆಕ್ಕಿಕೊಂಡೇ ರುಚಿ ಕಲಿಯುತ್ತವೆ. ಜಂತುಹುಳದ ಔಷಧ ಶುರುಮಾಡುವ ದಿನವನ್ನು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಮೂರನೇ ವಾರದ ಹೊತ್ತಿಗೆ ಮೊದಲ ಡೋಸ್, ಆಮೇಲೆ ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ.